ಲಾರಿ ನಿಂತ ದಿನದ ಲೆಕ್ಕ

ಲಾರಿಯ ಹಣೆಯ ಮೇಲೆ ಮನೆದೇವರ ಹೆಸರು, ಹಿಂಬದಿಯಲ್ಲಿ ತಾಯಿಯ ಆಶೀರ್ವಾದ ಅಥವಾ ಪ್ರೀತಿಯಲ್ಲಿ ಸೋತವನ ಎರಡು ಸಾಲು. ಹೆದ್ದಾರಿಯಲ್ಲಿ ಲಾರಿಯ ಹಿಂದೆ ಸಿಕ್ಕಿಹಾಕಿಕೊಂಡ ನಾವೆಲ್ಲ ಓದುವುದು ಇವನ್ನೇ. ಕ್ಯಾಬಿನ್ನಿನ ಪಕ್ಕದಲ್ಲಿ ಇನ್ನೊಂದು ಬರಹ ಇರುತ್ತದೆ, ಬೆರಳುದ್ದದ್ದು. ‘ಎಚ್‌ಪಿ’ ಎಂಬ ಎರಡು ಅಕ್ಷರ, ಮುಂದೆ ಒಂದು ಬ್ಯಾಂಕಿನದೋ ಫೈನಾನ್ಸ್ ಕಂಪನಿಯದೋ ಹೆಸರು. ಗಾಡಿ ಇಂಥವರಿಗೆ ಅಡಮಾನವಾಗಿದೆ ಎಂದು ಅದರ ಅರ್ಥ. ಹೊಸ ಲಾರಿಯಾದರೆ ಅದು ಇದ್ದೇ ಇರುತ್ತದೆ. ಹತ್ತು ವರ್ಷದ ಹಳೆಯ ಲಾರಿಯ ಮೇಲೂ ಆ ಬರಹ ಇದ್ದರೆ, ಅದು ಎರಡನೆಯ ಅಥವಾ ಮೂರನೆಯ ಮಾಲೀಕನ ಸಾಲ ಎಂದುಕೊಳ್ಳಬಹುದು. ಬಹುತೇಕ ಆ ಮಾಲೀಕನೇ ಸ್ಟೀರಿಂಗ್ ಹಿಡಿದಿರುತ್ತಾನೆ.

ಬೇರೆಯವರ ಗಾಡಿ ಓಡಿಸಿ ಓಡಿಸಿ ಸಾಕಾಗಿ, ನನ್ನದೇ ಒಂದು ಗಾಡಿ ಇರಲಿ ಎಂದು ಹೊರಡುವ ಡ್ರೈವರನ ಮುಂದೆ ಮೊದಲ ದಿನವೇ ಎದುರಾಗುವ ಪ್ರಶ್ನೆ ಇದು. ಇದ್ದ ದುಡ್ಡಷ್ಟನ್ನೂ ಸುರಿದು ಸಾಲವಿಲ್ಲದ ಗಾಡಿ ತರಬೇಕೋ, ಅರ್ಧ ದುಡ್ಡು ಕಟ್ಟಿ ಉಳಿದದ್ದಕ್ಕೆ ಫೈನಾನ್ಸ್ ಮಾಡಿಸಬೇಕೋ? ಯಾರನ್ನು ಕೇಳಿದರೂ ಖಚಿತವಾದ ಉತ್ತರ ಸಿಗುತ್ತದೆ, ಅದೂ ಎರಡು ಬಗೆಯದು. ಸಾಲ ಎಂದರೆ ಶೂಲ ಎನ್ನುವವರು ಒಂದು ಕಡೆ. ಕೈದುಡ್ಡು ಹಾಕಿ ಯಾರಾದರೂ ಲಾರಿ ತಗೊಳ್ತಾರಾ ಎಂದು ನಗುವವರು ಇನ್ನೊಂದು ಕಡೆ. ಬಡ್ಡಿಯ ದರವೊಂದನ್ನೇ ನೋಡಿ ಈ ಜಗಳ ಬಗೆಹರಿಸಲು ಆಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಬಡ್ಡಿಗಿಂತ ಮೊದಲು ಎಣಿಸಬೇಕಾದದ್ದು ಲಾರಿ ತಿಂಗಳಲ್ಲಿ ಎಷ್ಟು ದಿನ ನಿಲ್ಲುತ್ತದೆ ಎಂಬುದನ್ನು.

ಒಂದು ಲೆಕ್ಕ ಇಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಲಾರಿ ಹುಡುಕುತ್ತಿರುವವರು ತಮ್ಮ ಅಂಕಿಗಳನ್ನು ಅದರ ಜಾಗದಲ್ಲಿ ಹಾಕಿಕೊಳ್ಳಲಿ.

ಒಬ್ಬ ಡ್ರೈವರನ ಕೈಯಲ್ಲಿ 8 ಲಕ್ಷ ಇದೆ ಎನ್ನಿ. ಸೈಟು ಮಾರಿದ್ದೋ, ಹದಿನೈದು ವರ್ಷದ ಉಳಿತಾಯವೋ, ಚೀಟಿ ಎತ್ತಿದ್ದೋ ಇರಬಹುದು. ಆ 8 ಲಕ್ಷಕ್ಕೆ ಸಿಗುವುದು ಹನ್ನೊಂದು ವರ್ಷ ಹಳೆಯ ಹತ್ತು ಚಕ್ರದ ಲಾರಿ. ಅದೇ ಮಾರುಕಟ್ಟೆಯಲ್ಲಿ ಆರು ವರ್ಷದ ಲಾರಿಯೊಂದು 14 ಲಕ್ಷಕ್ಕೆ ನಿಂತಿದೆ. 4 ಲಕ್ಷ ಕೈಯಿಂದ ಹಾಕಿ, 10 ಲಕ್ಷ ಸಾಲ ತೆಗೆದರೆ ಅದೂ ಸಿಗುತ್ತದೆ, 4 ಲಕ್ಷ ಕೈಯಲ್ಲೇ ಉಳಿಯುತ್ತದೆ. ನಗದೋ ಸಾಲವೋ ಎಂದು ವಾದಿಸುವವರು ಒಂದೇ ಲಾರಿಯನ್ನು ಎದುರಿಗಿಟ್ಟುಕೊಂಡು ಬಡ್ಡಿ ಉಳಿಯಿತು, ಬಡ್ಡಿ ಹೋಯಿತು ಎನ್ನುತ್ತಾರೆ. ನಿಜದಲ್ಲಿ ಎದುರಿಗಿರುವುದು ಎರಡು ಬೇರೆ ಬೇರೆ ಲಾರಿಗಳು, ಒಂದಕ್ಕೆ ಬಡ್ಡಿಯ ಹೊರೆ, ಇನ್ನೊಂದಕ್ಕೆ ವಯಸ್ಸಿನ ಹೊರೆ.

ಮೊದಲು ಬಡ್ಡಿ. ಹಳೆ ಗಾಡಿಯ ಸಾಲದಲ್ಲಿ ‘ಫ್ಲಾಟ್’ ದರದ ಮಾತು ಇವತ್ತಿಗೂ ನಡೆಯುತ್ತದೆ. ‘ಬರೀ ಹತ್ತು ಪರ್ಸೆಂಟ್ ಅಣ್ಣ’ ಎಂದು ಏಜೆಂಟ್ ಹೇಳಿದರೆ ಕಿವಿಗೆ ಹಿತವಾಗಿರುತ್ತದೆ. 10 ಲಕ್ಷಕ್ಕೆ ವರ್ಷಕ್ಕೆ 1 ಲಕ್ಷದಂತೆ ಮೂರು ವರ್ಷಕ್ಕೆ 3 ಲಕ್ಷ ಬಡ್ಡಿ. ಒಟ್ಟು 13 ಲಕ್ಷವನ್ನು 36 ಕಂತಿಗೆ ಹಂಚಿದರೆ ತಿಂಗಳಿಗೆ 36,111 ರೂಪಾಯಿ. ಸರಳವಾಗಿದೆಯಲ್ಲ? ಆದರೆ ಮೊದಲ ಕಂತಿನಿಂದಲೇ ಅಸಲೂ ಸ್ವಲ್ಪ ಸ್ವಲ್ಪ ತೀರುತ್ತಾ ಹೋಗುತ್ತದೆ, ಕೊನೆಯ ವರ್ಷ ನಿಮ್ಮ ಮೇಲಿರುವ ಅಸಲು ಅರ್ಧ ಭಾಗವೂ ಇರುವುದಿಲ್ಲ. ಬಡ್ಡಿಯನ್ನು ಮಾತ್ರ ಪೂರ್ತಿ 10 ಲಕ್ಷದ ಮೇಲೇ ಹಾಕಿಯಾಗಿದೆ. ಉಳಿದಿರುವ ಅಸಲಿಗೆ ಮಾತ್ರ ಬಡ್ಡಿ ಹಾಕುವ ಕ್ರಮದಲ್ಲಿ ಇದೇ ಕಂತನ್ನು ಅಳೆದರೆ ದರ ವರ್ಷಕ್ಕೆ ಶೇ 18ರ ಹತ್ತಿರ ಬರುತ್ತದೆ. ಇನ್ನು ಫೈಲ್ ಚಾರ್ಜು, ದಾಖಲೆ ಶುಲ್ಕ, ಸಾಲದ ಜೊತೆ ಅಂಟಿಸುವ ವಿಮೆ ಎಂದು 40 ಸಾವಿರ ಮೊದಲೇ ಮುರಿದುಕೊಂಡು 9.6 ಲಕ್ಷ ಕೈಗಿತ್ತರೆ ಅದು ಶೇ 21ರ ಸಾಲ. ಹತ್ತು ಎಂದು ಕೇಳಿಸಿಕೊಂಡು ಇಪ್ಪತ್ತೊಂದು ಕಟ್ಟುವುದು ಹೀಗೆ.

ಇದನ್ನು ತಡೆಯಲು ಒಂದು ಕಾಗದ ಈಗ ಬಂದಿದೆ. 2024ರ ಅಕ್ಟೋಬರ್‌ನಿಂದ ಬ್ಯಾಂಕು ಮತ್ತು ಫೈನಾನ್ಸ್ ಕಂಪನಿಗಳು ಬಿಡಿ ಗ್ರಾಹಕರಿಗೂ ಸಣ್ಣ ಉದ್ದಿಮೆದಾರರಿಗೂ ಅವಧಿ ಸಾಲ ಕೊಡುವ ಮೊದಲು ಸಾಲದ ಮುಖ್ಯ ಸಂಗತಿಗಳ ಪತ್ರವೊಂದನ್ನು ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದೆ. ಅದರಲ್ಲಿ ‘ಎಪಿಆರ್’ ಎಂದು ಒಂದೇ ಅಂಕಿ ಇರುತ್ತದೆ. ಎಲ್ಲ ಶುಲ್ಕ ಸೇರಿ ವರ್ಷಕ್ಕೆ ನಿಜವಾಗಿ ಬೀಳುವ ದರ ಅದು. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲೇ ಪತ್ರ ಇರಬೇಕೆಂದೂ ನಿಯಮವಿದೆ. ಆದ್ದರಿಂದ ಕನ್ನಡದಲ್ಲಿ ಕೊಡಿ ಎಂದು ಕೇಳಿದರೆ ಅದು ಉಪಕಾರ ಬೇಡಿದಂತಲ್ಲ. ಏಜೆಂಟನ ಮಾತು ಮುಗಿದ ಮೇಲೆ ಆ ಒಂದು ಅಂಕಿಯನ್ನು ಬೆರಳಿಟ್ಟು ನೋಡಿದರೆ ಸಾಕು.

ಈಗ ವಯಸ್ಸಿನ ಲೆಕ್ಕ. ಆರು ವರ್ಷದ ಲಾರಿ ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಡುತ್ತದೆ, ಹನ್ನೊಂದು ವರ್ಷದ್ದು ಮೂರೂವರೆ ಎಂದುಕೊಳ್ಳಿ. ಅರ್ಧ ಕಿಲೋಮೀಟರ್ ತಾನೆ! ತಿಂಗಳಿಗೆ 6,000 ಕಿ.ಮೀ. ಓಡಿದರೆ ಮೊದಲನೆಯದು 1,500 ಲೀಟರ್ ಕುಡಿಯುತ್ತದೆ, ಎರಡನೆಯದು 1,714. ಡೀಸೆಲ್ 90 ರೂಪಾಯಿ ಎಂದು ಹಿಡಿದರೂ ವ್ಯತ್ಯಾಸ ತಿಂಗಳಿಗೆ 19,000 ದಾಟುತ್ತದೆ. ಮೂರು ವರ್ಷಕ್ಕೆ ಅದು 7 ಲಕ್ಷದ ಹತ್ತಿರ. ಮೂರು ಲಕ್ಷ ಬಡ್ಡಿ ಉಳಿಸಿದ ಸಂತೋಷದಲ್ಲಿ ಏಳು ಲಕ್ಷದ ಡೀಸೆಲ್ ಸುಟ್ಟಂತಾಯಿತು. ಹಳೆ ಗಾಡಿಯ ಕ್ಲಚ್ಚು, ಗೇರ್‌ಬಾಕ್ಸು, ಕಮಾನುಪಟ್ಟಿ, ಎಂಜಿನ್ ಕೆಲಸ ಎಲ್ಲ ಬೇರೆ.

ಹಾಗಾದರೆ ಸಾಲವೇ ಸರಿ ಎಂದು ಪುಟ ತಿರುಗಿಸಬೇಡಿ. ಇದೇ ಲಾರಿ ಊರ ಸುತ್ತ ಜಲ್ಲಿ, ಇಟ್ಟಿಗೆ ಹೊಡೆಯುತ್ತಾ ತಿಂಗಳಿಗೆ 2,000 ಕಿ.ಮೀ. ಮಾತ್ರ ಓಡುವುದಾದರೆ ಡೀಸೆಲ್ಲಿನ ವ್ಯತ್ಯಾಸ 6,500 ರೂಪಾಯಿಗೂ ಕಡಿಮೆ. ಕಂತು ಮಾತ್ರ ಆಗಲೂ 36,111. ಹೆಚ್ಚು ಓಡುವ ಗಾಡಿಗೆ ಸಾಲ ಹೊರುವ ಶಕ್ತಿ ಇರುತ್ತದೆ. ಹೆಚ್ಚು ನಿಲ್ಲುವ ಗಾಡಿ ನಗದಿನದಾಗಿದ್ದರೆ ಬದುಕುತ್ತದೆ. ಕಬ್ಬಿನ ಸೀಸನ್ನಿನಲ್ಲಿ ಕಾರ್ಖಾನೆಗೆ ನಾಲ್ಕೈದು ತಿಂಗಳು, ಮೆಕ್ಕೆಜೋಳ ಬಂದಾಗ ಒಂದೆರಡು ತಿಂಗಳು, ಉಳಿದಂತೆ ಸಿಕ್ಕಿದ್ದು ಎಂದು ಓಡಿಸುವವನು ಹೊಸ ಮಾಡೆಲ್ಲಿನ ಆಸೆಗೆ ಬೀಳದಿರುವುದು ಒಳ್ಳೆಯದು. ಬೆಂಗಳೂರಿನಿಂದ ಮಂಗಳೂರಿಗೆ, ಹುಬ್ಬಳ್ಳಿಯಿಂದ ಮುಂಬೈಗೆ ಖಾಯಂ ಲೋಡು ಹಿಡಿದವನು ಹನ್ನೊಂದು ವರ್ಷದ ಗಾಡಿ ಹಿಡಿದರೆ ಅರ್ಧ ಆಯುಷ್ಯ ಗ್ಯಾರೇಜಿನಲ್ಲೇ.

ಕಂತನ್ನು ದಿನಕ್ಕೆ ಒಡೆದು ನೋಡಿದರೆ ಇದು ಇನ್ನೂ ಸ್ಪಷ್ಟ. ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 1,200. ಆದರೆ ಲಾರಿ ಮೂವತ್ತು ದಿನ ಎಲ್ಲಿ ಓಡುತ್ತದೆ? ಲೋಡಿಗೆ ಕಾಯುವುದು, ಅನ್‌ಲೋಡಿಗೆ ಸಾಲಿನಲ್ಲಿ ನಿಲ್ಲುವುದು, ಗಾಡಿಯ ಯೋಗ್ಯತಾ ಪತ್ರದ (ಎಫ್‌ಸಿ) ಕೆಲಸ, ಹಬ್ಬ, ಜ್ವರ. ಮಾಲೀಕನೇ ಡ್ರೈವರ್ ಆಗಿರುವಾಗ ಅವನಿಗೆ ಜ್ವರ ಬಂದರೆ ಲಾರಿಗೂ ಬಂದ ಹಾಗೆ. ಇಪ್ಪತ್ತು ದಿನ ಓಡಿದರೆ ಓಡಿದ ಪ್ರತಿ ದಿನದ ತಲೆಯ ಮೇಲೆ 1,800, ಹದಿನೈದೇ ದಿನ ಓಡಿದರೆ 2,400. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಭಾರದ ವಾಹನ ನಿಲ್ಲಿಸಿದರೆ, ಆ ಕಡೆ ಓಡುವವರ ತಿಂಗಳಿನಿಂದ ಒಂದು ವಾರ ಸುಮ್ಮನೆ ಕಳಚಿಬೀಳುತ್ತದೆ. 2025ರ ಏಪ್ರಿಲ್ 1ರಿಂದ ರಾಜ್ಯದಲ್ಲಿ ಡೀಸೆಲ್ ಲೀಟರಿಗೆ 2 ರೂಪಾಯಿ ಏರಿ, ತಿಂಗಳ ಮಧ್ಯದಲ್ಲಿ ಲಾರಿ ಮಾಲೀಕರು ಮುಷ್ಕರ ಹೂಡಿದಾಗ, ನಿಂತ ಗಾಡಿಗಳ ಪೈಕಿ ಕಂತಿನ ಗಾಡಿಗಳ ಮಾಲೀಕರಿಗೆ ಪ್ರತಿಭಟನೆಯೂ ಸ್ವಂತ ಖರ್ಚಿನದಾಗಿತ್ತು.

ಲಾರಿ ನಿಲ್ಲುವುದೆಂದರೆ ಏನು ಎಂದು ಈ ರಾಜ್ಯದಲ್ಲಿ ಬಳ್ಳಾರಿ ಸೀಮೆಗಿಂತ ಚೆನ್ನಾಗಿ ತಿಳಿದವರಿಲ್ಲ. ಚೀನಾದ ಉಕ್ಕಿನ ಹಸಿವಿನಿಂದ ಅದಿರಿನ ಬೆಲೆ ಮೇಲೇರಿದ ವರ್ಷಗಳವು. ಸಂಡೂರು, ಹೊಸಪೇಟೆ, ಬಳ್ಳಾರಿಯ ರಸ್ತೆಗಳಲ್ಲಿ ಹಗಲು ರಾತ್ರಿ ಕೆಂಪು ದೂಳು. ಹುಬ್ಬಳ್ಳಿ ದಾಟಿ ಅಂಕೋಲಾದ ಬಳಿಯ ಬೇಲೆಕೇರಿ ಬಂದರಿನವರೆಗೆ ಅದಿರಿನ ಲಾರಿಗಳ ಸಾಲು. ಜಮೀನು ಮಾರಿ, ಒಡವೆ ಅಡವಿಟ್ಟು, ಫೈನಾನ್ಸ್ ಮೇಲೆ ಲಾರಿ ತಂದವರು ಆ ಊರುಗಳಲ್ಲಿ ಬೇಕಾದಷ್ಟು ಮಂದಿ. ಲೋಡಿಗೆ ಕಾಯುವ ಮಾತೇ ಇರಲಿಲ್ಲ, ಟ್ರಿಪ್ಪಿನ ಮೇಲೆ ಟ್ರಿಪ್ಪು. ನಾನು ಮೇಲೆ ಕೊಟ್ಟ ಲೆಕ್ಕದ ಪ್ರಕಾರ ಸಾಲ ತೆಗೆಯಲು ಅದಕ್ಕಿಂತ ಒಳ್ಳೆಯ ಕಾಲ ಇರಲಿಲ್ಲ.

2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತಿಗೆ ತಡೆ ಹಾಕಿತು. 2011ರ ಜುಲೈ 27ರಂದು ಅಕ್ರಮ ಗಣಿಗಾರಿಕೆಯ ಕುರಿತು ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂತು, ಎರಡು ದಿನದ ನಂತರ, ಜುಲೈ 29ರಂದು, ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿತು. ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರು ಜಿಲ್ಲೆಗಳೂ ಸೇರಿದವು. ಮೊದಲ ಕೆಲವು ಗಣಿಗಳಿಗೆ ಮತ್ತೆ ಕೆಲಸ ಶುರು ಮಾಡಲು ಕೋರ್ಟು ಒಪ್ಪಿದ್ದು 2012ರ ಸೆಪ್ಟೆಂಬರ್‌ನಲ್ಲಿ. ನಡುವೆ ಹದಿಮೂರು, ಹದಿನಾಲ್ಕು ತಿಂಗಳು. ಆ ತೀರ್ಪು ಬೇಕಾಗಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ, ಬೆಟ್ಟಗಳನ್ನು ಕಂಡವರು ಯಾರೂ ಬೇರೆ ಮಾತಾಡಲಾರರು. ಆದರೆ ನಮ್ಮ ಉದಾಹರಣೆಯ 36,111ನ್ನು ಹದಿನಾಲ್ಕರಿಂದ ಗುಣಿಸಿ ನೋಡಿ, 5 ಲಕ್ಷ ದಾಟುತ್ತದೆ. ನಿಂತ ಲಾರಿಯಿಂದ ಅಷ್ಟನ್ನು ತೆಗೆಯುವುದು ಯಾರಿಂದ ಸಾಧ್ಯ? ಮಾರೋಣವೆಂದರೆ ಊರಿಗೆ ಊರೇ ಮಾರಲು ನಿಂತಿದೆ, ಕೊಳ್ಳುವವರಿಲ್ಲ. ಸಾಲ ತೀರಿದ ಲಾರಿಯವನಿಗೂ ಆ ವರ್ಷ ಹೊಟ್ಟೆಗೆ ಕಷ್ಟವೇ. ಅವನ ಗಾಡಿ ಮಾತ್ರ ಅವನ ಮನೆಯ ಮುಂದೆಯೇ ನಿಂತಿತ್ತು.

ಆದ್ದರಿಂದ ಎಷ್ಟು ಕಿಲೋಮೀಟರ್ ಓಡುತ್ತದೆ ಎಂಬುದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು. ಆ ಲೋಡು ಯಾರ ಕೈಯಲ್ಲಿದೆ? ಒಂದು ಗಣಿ, ಒಂದು ಕಾರ್ಖಾನೆ, ಒಂದು ಟ್ರಾನ್ಸ್‌ಪೋರ್ಟ್ ಆಫೀಸು ಎಂದು ಒಂದೇ ಕೊಂಬೆಗೆ ನೇತುಬಿದ್ದ ಲಾರಿ ತಿಂಗಳಿಗೆ ಎಂಟು ಸಾವಿರ ಕಿಲೋಮೀಟರ್ ಓಡಿದರೂ ದೊಡ್ಡ ಸಾಲಕ್ಕೆ ತಕ್ಕದ್ದಲ್ಲ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸೆಲ್ ಭಾರದ ಮಿತಿ ಏರಿಸಿ ಹತ್ತು ಚಕ್ರದ ಲಾರಿಯ ಒಟ್ಟು ತೂಕವನ್ನು 25 ಟನ್‌ನಿಂದ 28.5 ಟನ್‌ಗೆ ತಂದಾಗ ಆದದ್ದೂ ಇದೇ ಜಾತಿಯದು. ಇದ್ದ ಲಾರಿಗಳೇ ಹೆಚ್ಚು ಹೊರುವಂತಾದವು, ಅಷ್ಟೇ ಸರಕಿಗೆ ಕಡಿಮೆ ಲಾರಿ ಸಾಕಾಯಿತು, ಟನ್ನಿನ ಬಾಡಿಗೆಯ ಮೇಲೆ ಅದು ಬಿತ್ತು. ಕಂತು ಹಳೆಯ ಬಾಡಿಗೆಯ ಲೆಕ್ಕದಲ್ಲಿ ಗೊತ್ತಾಗಿತ್ತು. ಕೊರೊನಾ ಕಾಲದಲ್ಲಿ ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಆರು ತಿಂಗಳು ಕಂತು ಮುಂದೂಡಲು ಅವಕಾಶ ಕೊಟ್ಟಿತ್ತಲ್ಲ, ಆಗಲೂ ಬಡ್ಡಿ ಓಡುತ್ತಲೇ ಇತ್ತು. ಮುಂದೂಡಿದ್ದನ್ನು ಮನ್ನಾ ಎಂದುಕೊಂಡವರಿಗೆ ಸೆಪ್ಟೆಂಬರ್‌ನಲ್ಲಿ ಗೊತ್ತಾಯಿತು.

ಇಷ್ಟು ಹೇಳಿದ ಮೇಲೆ ನಗದಿನವರ ಬುಡಕ್ಕೂ ಬರಬೇಕು. ಕೈಯಲ್ಲಿದ್ದ 8 ಲಕ್ಷವನ್ನೂ ಲಾರಿಗೆ ಸುರಿದು, ಪೂಜೆ ಮಾಡಿಸಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದ ದಿನ ಅವನ ಜೇಬಿನಲ್ಲಿ ಎಷ್ಟಿದೆ? ಭಾರದ ಸರಕು ವಾಹನಗಳ ಥರ್ಡ್ ಪಾರ್ಟಿ ವಿಮೆಯೇ, 2022ರಲ್ಲಿ ನಿಗದಿಯಾದ ದರದಂತೆ, 20 ಟನ್‌ನಿಂದ 40 ಟನ್ ತೂಕದ ಗಾಡಿಗೆ ವರ್ಷಕ್ಕೆ 43,950 ರೂಪಾಯಿ, ಜಿಎಸ್‌ಟಿ ಬಿಟ್ಟು. ನ್ಯಾಷನಲ್ ಪರ್ಮಿಟ್ಟಿನ ವಾರ್ಷಿಕ ಶುಲ್ಕ 16,500. ಒಂದು ಹೊಸ ರೇಡಿಯಲ್ ಟೈರಿಗೆ 20 ಸಾವಿರದ ಮೇಲೆ, ಅಂಥವು ಹತ್ತು, ಸ್ಟೆಪ್ನಿ ಸೇರಿ ಹನ್ನೊಂದು. ಬಾಡಿಗೆಯೋ ಲೋಡು ಮಾಡಿದ ದಿನ ಪೂರ್ತಿ ಬರುವುದಿಲ್ಲ. ಅಡ್ವಾನ್ಸ್ ಎಂದು ಒಂದು ಪಾಲು, ಸರಕು ಮುಟ್ಟಿಸಿದ ರಸೀದಿ ವಾಪಸ್ಸಾದ ಮೇಲೆ ಬ್ಯಾಲೆನ್ಸು. ಆ ‘ಮೇಲೆ’ ಎಂಬುದು ಹದಿನೈದು ದಿನವೂ ಆಗಬಹುದು, ಎರಡು ತಿಂಗಳೂ ಆಗಬಹುದು. ಅಲ್ಲಿಯವರೆಗೆ ಡೀಸೆಲ್ಲು, ಟೋಲು, ಊಟ ಎಲ್ಲವೂ ಲಾರಿಯವನ ಕೈಯಿಂದಲೇ. ಜೇಬು ಖಾಲಿ ಇರುವವನ ಗೇರ್‌ಬಾಕ್ಸ್ ಚಿತ್ರದುರ್ಗದ ಬಳಿ ಹೋಯಿತೆನ್ನಿ, ಅವನು ಹೋಗುವುದು ಕೈಸಾಲದವರ ಹತ್ತಿರ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಎಂದರೆ ವರ್ಷಕ್ಕೆ ಶೇ 36. ಫೈನಾನ್ಸಿನ 18ಕ್ಕೆ ಹೆದರಿ ಓಡಿದವನು 36ರ ಮಡಿಲಿಗೆ ಬಿದ್ದ. ಹಳೆ ಲಾರಿ ಕೊಂಡು ಸೋತವರಲ್ಲಿ ಸಾಲ ಮಾಡಿ ಸೋತವರಷ್ಟೇ ಮಂದಿ ಸಾಲ ಮಾಡೆನೆಂದು ಹಟ ಹಿಡಿದು, ಆಮೇಲೆ ಕೆಟ್ಟ ಸಾಲ ಮಾಡಿ ಸೋತವರೂ ಇದ್ದಾರೆಂದು ನನಗೆ ಅನ್ನಿಸುತ್ತದೆ.

ಬೇಕಾದಾಗ ಆರ್‌ಸಿ ಮೇಲೆ ಸಾಲ ತೆಗೆದರಾಯಿತು ಎನ್ನುವವರೂ ಉಂಟು. ಸಾಲವಿಲ್ಲದ ಆರ್‌ಸಿ ಒಂದು ಬಗೆಯ ಉಳಿತಾಯವೇ, ನಿಜ. ಆದರೆ ಗಾಡಿ ಕೆಟ್ಟು ನಿಂತಾಗ ಬೆಲೆ ಕಟ್ಟಲು ಬಂದವರು ನಿಂತ ಗಾಡಿಯ ಬೆಲೆ ಕಟ್ಟುತ್ತಾರೆ. ಹಸಿವಾದಾಗ ಸಂತೆಗೆ ಹೋದವನಿಗೆ ಚೌಕಾಸಿ ಮಾಡುವ ಶಕ್ತಿ ಇರುವುದಿಲ್ಲ.

ಹಳೆ ಲಾರಿಗೆ ಸಾಲ ಕೊಡುವುದೇ ಒಂದು ಕಾಲಕ್ಕೆ ಹುಚ್ಚು ಎನಿಸಿತ್ತು. ಸಂಬಳದ ಚೀಟಿ ಇಲ್ಲ, ತಿಂಗಳಲ್ಲಿ ಇಪ್ಪತ್ತು ದಿನ ಊರಲ್ಲಿರುವುದಿಲ್ಲ, ಅಡಮಾನದ ವಸ್ತುವೇ ಚಕ್ರದ ಮೇಲೆ ಓಡುತ್ತದೆ. ಅಂಥವನನ್ನು ಯಾವ ಬ್ಯಾಂಕು ನಂಬೀತು? 1974ರಲ್ಲಿ ಚೆನ್ನೈಯಲ್ಲಿ ಚೀಟಿ ವ್ಯವಹಾರದಿಂದ ಶುರುವಾದ ಶ್ರೀರಾಮ್ ಸಮೂಹ 1979ರಲ್ಲಿ ಲಾರಿ ಸಾಲಕ್ಕೆಂದೇ ಕಂಪನಿ ತೆರೆದು, ಹಳೆ ಲಾರಿ ಕೊಳ್ಳುವ ಡ್ರೈವರ್‌ಗಳನ್ನೇ ಮುಖ್ಯ ಗಿರಾಕಿಗಳನ್ನಾಗಿ ಮಾಡಿಕೊಂಡಿತು. ಅದರ ಸ್ಥಾಪಕ ಆರ್. ತ್ಯಾಗರಾಜನ್ ಗಣಿತ ಓದಿ, ವಿಮಾ ಕಂಪನಿಯಲ್ಲಿ ದುಡಿದು ಬಂದವರು. 2013ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಬ್ಯಾಂಕು ಬಾಗಿಲು ಹಾಕಿದಲ್ಲಿ ಕೈಸಾಲದವನೇ ಗತಿ ಎಂಬ ಸ್ಥಿತಿಯಿಂದ ಎಷ್ಟೋ ಮಂದಿ ಹೊರಬಂದದ್ದು ಇಂಥ ಕಂಪನಿಗಳಿಂದ ಎಂಬುದನ್ನು ಒಪ್ಪಬೇಕು. ಶೇ 18 ದುಬಾರಿಯೇ. ಅದರ ಪಕ್ಕದಲ್ಲಿ 36 ಇದೆ ಎಂಬುದೂ ನಿಜವೇ.

ಕಡಿಮೆ ಬಡ್ಡಿಯ ದಾರಿ ಇನ್ನೊಂದಿದೆ, ಅದು ಮನೆಯ ಬೀರುವಿನಲ್ಲಿದೆ. ಬ್ಯಾಂಕಿನ ಚಿನ್ನದ ಸಾಲದ ಬಡ್ಡಿ ಹಳೆ ಲಾರಿಯ ಸಾಲಕ್ಕಿಂತ ಸಾಮಾನ್ಯವಾಗಿ ಕಡಿಮೆ, ಆರ್‌ಸಿಯ ಮೇಲೆ ಯಾರ ಹೆಸರೂ ಏರುವುದಿಲ್ಲ. ಲೆಕ್ಕದಲ್ಲಿ ಇದೇ ಮೇಲು. ಆದರೆ ಲಾರಿ ಕೈಕೊಟ್ಟರೆ ಹೋಗುವುದು ಹೆಂಡತಿಯ ಕೊರಳಿನದು, ಅವಳನ್ನು ಕೂಡಿಸಿಕೊಂಡು ಲೆಕ್ಕ ಹಾಕದವನಿಗೆ ಈ ಸಾಲ ಬೇಡ.

ಸಾಲ ಮಾಡಿದರೆ ಬಡ್ಡಿಯನ್ನು ಖರ್ಚಿಗೆ ಹಾಕಿ ತೆರಿಗೆ ಉಳಿಸಬಹುದು ಎಂದು ಬ್ರೋಕರ್ ಹೇಳಿದರೆ ನಕ್ಕು ಸುಮ್ಮನಾಗಿ. ಹತ್ತು ಸರಕು ವಾಹನ ಮೀರದ ಮಾಲೀಕರಿಗೆ ಆದಾಯ ತೆರಿಗೆ ಕಾನೂನಿನಲ್ಲಿ ಅಂದಾಜು ಆದಾಯದ ಸೌಲಭ್ಯವಿದೆ. 12 ಟನ್ ಮೀರಿದ ಲಾರಿಗೆ ಒಟ್ಟು ತೂಕದ ಪ್ರತಿ ಟನ್ನಿಗೆ ತಿಂಗಳಿಗೆ 1,000 ರೂಪಾಯಿ ಆದಾಯ ಎಂದು ತೋರಿಸಿದರಾಯಿತು, ಲೆಕ್ಕದ ಪುಸ್ತಕ ಬೇಡ. 28.5 ಟನ್ನಿನ ಲಾರಿಗೆ ವರ್ಷಕ್ಕೆ 3.42 ಲಕ್ಷ. ಬಡ್ಡಿ, ಸವಕಳಿ ಎಲ್ಲ ಅದರಲ್ಲೇ ಕಳೆದಂತೆ ಎಂದು ಕಾನೂನು ಭಾವಿಸುತ್ತದೆ, ಮತ್ತೆ ಕಳೆಯಲು ಬರುವುದಿಲ್ಲ. ಬೇರೆ ಆದಾಯ ಇಲ್ಲದವನಿಗೆ ಕಟ್ಟಬೇಕಾದ ತೆರಿಗೆಯೇ ಇರುವುದಿಲ್ಲ, ಉಳಿಸುವುದೇನು? ರಿಟರ್ನ್ ಮಾತ್ರ ತಪ್ಪದೆ ಹಾಕಬೇಕು. ಮುಂದಿನ ಲಾರಿಗೆ ಬ್ಯಾಂಕು ಕೇಳುವ ಮೊದಲ ಕಾಗದ ಅದು.

ನಗದು ಎಂದ ಕೂಡಲೇ ಪ್ಲಾಸ್ಟಿಕ್ ಚೀಲದಲ್ಲಿ ನೋಟಿನ ಕಟ್ಟು ಒಯ್ಯುವವರು ಇನ್ನೂ ಇದ್ದಾರೆ. 2017ರ ಏಪ್ರಿಲ್‌ನಿಂದ ಒಂದು ವ್ಯವಹಾರಕ್ಕೆ ಒಬ್ಬರಿಂದ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚನ್ನು ನೋಟಿನಲ್ಲಿ ಪಡೆಯುವಂತಿಲ್ಲ, ಪಡೆದರೆ ಪಡೆದಷ್ಟೇ ದಂಡ, ಅದೂ ಪಡೆದವನಿಗೆ. ಕೊಟ್ಟವನಿಗೆ ದಂಡವಿಲ್ಲದಿದ್ದರೂ ರುಜುವಾತಿಲ್ಲ. ಬ್ಯಾಂಕಿನ ಮೂಲಕ ಕೊಟ್ಟರೆ ನಾಳೆ ಜಗಳವಾದಾಗ ಪಾಸ್‌ಬುಕ್ ಮಾತಾಡುತ್ತದೆ.

ಕಾಗದಪತ್ರದ ವಿಷಯದಲ್ಲಿ ಸಾಲದ ಗಾಡಿಗೆ ಒಂದು ಅನುಕೂಲವಿದೆ, ಯಾರೂ ಅದನ್ನು ಹೊಗಳುವುದಿಲ್ಲ. ಫೈನಾನ್ಸಿನವರು ತಮ್ಮ ದುಡ್ಡಿಗಾಗಿಯಾದರೂ ಹಳೆಯ ಎಚ್‌ಪಿ ತೆಗೆಸಿ, ಆರ್‌ಸಿ ನಿಮ್ಮ ಹೆಸರಿಗೆ ಮಾಡಿಸಿ, ಪೂರ್ತಿ ವಿಮೆ ಮಾಡಿಸದೆ ಬಿಡುವುದಿಲ್ಲ. ನಗದಿನಲ್ಲಿ ಕೊಂಡವನ ಬೆನ್ನು ಹತ್ತುವವರಿಲ್ಲ. 29, 30ನೇ ಫಾರಂಗಳಿಗೆ ಮಾರಿದವನ ಸಹಿ ಹಾಕಿಸಿಕೊಂಡು ಡ್ಯಾಶ್‌ಬೋರ್ಡಿನಲ್ಲಿಟ್ಟು, ನಾಳೆ ನಾಡಿದ್ದು ಎನ್ನುತ್ತಾ ಆರು ತಿಂಗಳು ಓಡಿಸುತ್ತಾನೆ. ಅಷ್ಟರಲ್ಲಿ ಅಪಘಾತವಾದರೆ ಗಾಡಿಯ ನಷ್ಟಕ್ಕೆ ವಿಮೆ ಕೇಳಲು ಹೋದಾಗ ಪಾಲಿಸಿಯಲ್ಲಿ ಅವನ ಹೆಸರೇ ಇಲ್ಲ. ಮಾರಿದವನೂ ಪಾರಾಗುವುದಿಲ್ಲ. ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಕೊಂಡವನು ಮೂವತ್ತು ದಿನದೊಳಗೆ ಹೆಸರು ಬದಲಾವಣೆಗೆ ಅರ್ಜಿ ಕೊಡಬೇಕು ಎಂಬುದು ಕಾನೂನು.

ಗಾಡಿಯ ವಯಸ್ಸನ್ನೂ ಸಾಲದ ಅವಧಿಯನ್ನೂ ಒಟ್ಟಿಗೆ ನೋಡುವ ಅಭ್ಯಾಸ ಬಹಳ ಮಂದಿಗಿಲ್ಲ. ಕೇಂದ್ರದ ಮೋಟಾರು ವಾಹನ ನಿಯಮಗಳಲ್ಲಿ ನ್ಯಾಷನಲ್ ಪರ್ಮಿಟ್ಟಿಗೆ ವಯಸ್ಸಿನ ಮಿತಿ ಇದೆ. ಎರಡು ಆಕ್ಸೆಲ್ಲಿನ ಆರು ಚಕ್ರದ ಲಾರಿಗೆ 12 ವರ್ಷ, ಅದಕ್ಕಿಂತ ಹೆಚ್ಚು ಆಕ್ಸೆಲ್ ಇದ್ದರೆ 15. ಹತ್ತು ವರ್ಷದ ಆರು ಚಕ್ರದ ಲಾರಿಗೆ ಮೂರು ವರ್ಷದ ಸಾಲ ಮಾಡಿದರೆ ಕೊನೆಯ ವರ್ಷದ ಕಂತು ಕಟ್ಟುವ ಹೊತ್ತಿಗೆ ಗಾಡಿ ಗಡಿ ದಾಟುವ ಹಕ್ಕನ್ನೇ ಕಳೆದುಕೊಂಡಿರುತ್ತದೆ. ಹೊಸೂರಿಗೆ ಒಯ್ಯಬೇಕಾದ ಲೋಡನ್ನು ಅತ್ತಿಬೆಲೆಯಲ್ಲಿ ಇಳಿಸಿ ಬರಲು ಆಗುತ್ತದೆಯೇ? ಎಂಟು ವರ್ಷ ದಾಟಿದ ಮೇಲೆ ಎಫ್‌ಸಿಯೂ ವರ್ಷಕ್ಕೊಮ್ಮೆ. ಹಾಗಾಗಿ ಹಳೆಯ ಗಾಡಿಯಾದಷ್ಟೂ ಸಾಲ ಸಣ್ಣದು, ಅವಧಿ ಗಿಡ್ಡದು. ಇನ್ನೂ ಹಳೆಯದಾದರೆ ಸಾಲವೇ ಬೇಡ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಸಾಲ ಕೊಡುವವರು ಕೊಡುವುದು ತಾವು ಕಟ್ಟಿದ ಬೆಲೆಯ ಒಂದು ಪಾಲನ್ನು, ನೀವು ಒಪ್ಪಿದ ಬೆಲೆಯದಲ್ಲ. 14 ಲಕ್ಷಕ್ಕೆ ನೀವು ಕೈಕುಲುಕಿದ ಗಾಡಿಗೆ ಅವರು 12 ಲಕ್ಷ ಕಟ್ಟಿ 9 ಲಕ್ಷ ಕೊಟ್ಟರೆ, ನಡುವಿನ ಒಂದು ಲಕ್ಷವನ್ನು ಎಲ್ಲಿಂದಲಾದರೂ ತರುತ್ತೇನೆ ಎಂದು ಹೊರಡಬೇಡಿ. ಅವರ ಬೆಲೆ ಕಡಿಮೆ ಬಂದರೆ ಅದು ನಿಮಗೂ ಒಂದು ಸುದ್ದಿ. ಅದೇ ಕಾಗದ ಹಿಡಿದು ಮಾರುವವನ ಹತ್ತಿರ ಮತ್ತೆ ಕೂರಬಹುದು.

ಸೀಜಿಂಗ್ ಗಾಡಿಗಳದ್ದು ಬೇರೆಯೇ ಲೋಕ. ಕಂತು ತಪ್ಪಿದವರಿಂದ ಎಳೆದು ತಂದ ಲಾರಿಗಳು ಯಾರ್ಡುಗಳಲ್ಲಿ ಸಾಲಾಗಿ ನಿಂತಿರುತ್ತವೆ, ಹರಾಜಿನಲ್ಲಿ ಹೋಗುತ್ತವೆ. ನಗದಿಗೆ ಇಲ್ಲಿ ನಿಜವಾದ ಬಲ. ಕೆಲವೇ ದಿನದಲ್ಲಿ ಪೂರ್ತಿ ಹಣ ಕಟ್ಟಬಲ್ಲವನಿಗೆ ಮಾರುಕಟ್ಟೆಗಿಂತ ಕಡಿಮೆಗೆ ಸಿಗುವ ಅವಕಾಶ ಉಂಟು. ಬಾಕಿ ತೆರಿಗೆ, ಹಳೆಯ ಚಲನ್, ಮುಗಿದ ಎಫ್‌ಸಿ ಇವನ್ನೆಲ್ಲ ಮೊದಲೇ ಸಾರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ನೋಡಿಕೊಂಡಿರಬೇಕು, ತಿಂಗಳುಗಟ್ಟಲೆ ನಿಂತ ಗಾಡಿಯ ಬ್ಯಾಟರಿ, ಟೈರು ಹೋದವೆಂದೇ ಲೆಕ್ಕ. ಆ ಸಾಲಿನಲ್ಲಿ ನಡೆದು ಹೋಗುವಾಗ ಕ್ಯಾಬಿನ್ನುಗಳ ಒಳಗೆ ಇನ್ನೂ ಹಿಂದಿನವನ ದೇವರ ಪಟ, ಮಗುವಿನ ಫೋಟೊ ಅಂಟಿರುವುದು ಕಾಣುತ್ತದೆ. ಸಾಲ ಬೇಡ ಎನ್ನುವವರ ವಾದ ಅಲ್ಲಿ ಮಾತಿಲ್ಲದೆ ನಿಂತಿದೆ. ಗೂಂಡಾಗಳನ್ನು ಬಿಟ್ಟು ಗಾಡಿ ಎಳೆಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ. ಆದರೂ ನೋಟಿಸಿನ ಭಾಷೆ ಗೊತ್ತಿಲ್ಲದ ಒಂಟಿ ಡ್ರೈವರನಿಗೆ ಟೋಲ್ ಗೇಟಿನ ಬಳಿ ನಡುರಾತ್ರಿ ಆ ತೀರ್ಪು ನೆನಪಾಗುವುದು ಕಷ್ಟ. ಎರಡು ಕಂತು ತಪ್ಪುವ ಸೂಚನೆ ಕಂಡಾಗಲೇ, ಫೋನ್ ಸ್ವಿಚ್ ಆಫ್ ಮಾಡುವ ಬದಲು, ಶಾಖೆಗೆ ಹೋಗಿ ಕೂತು ಅವಧಿ ಹಿಗ್ಗಿಸಿಕೊಂಡವರು ಗಾಡಿ ಉಳಿಸಿಕೊಂಡಿದ್ದಾರೆ. ತಡವಾದ ಕಂತಿಗೆ ದಂಡದ ಶುಲ್ಕ ಹಾಕಬಹುದು, ಆದರೆ ಅದನ್ನು ಬಡ್ಡಿಯಂತೆ ಅಸಲಿಗೆ ಸೇರಿಸಿ ಬೆಳೆಸುವಂತಿಲ್ಲ ಎಂಬುದು 2024ರಿಂದ ಜಾರಿಯಲ್ಲಿರುವ ನಿಯಮ. ಸ್ಟೇಟ್‌ಮೆಂಟ್ ತೆಗೆಸಿ ನೋಡಬೇಕು.

ನಮ್ಮ 8 ಲಕ್ಷದವನಿಗೆ ನಾನು ಏನು ಹೇಳುತ್ತೇನೆ? ನಿನ್ನ ಲೋಡು ಖಾಯಂ ಅಲ್ಲದಿದ್ದರೆ, 6 ಲಕ್ಷ ಮೀರದ ಗಾಡಿ ನೋಡು, ಗಟ್ಟಿ ಎಂಜಿನ್ನಿನ ಹಳೆ ಗಾಡಿ ಸಿಕ್ಕರೆ ಊರಿನ ಮೆಕ್ಯಾನಿಕ್ಕೇ ಬಿಚ್ಚಿ ಕಟ್ಟುತ್ತಾನೆ. 2 ಲಕ್ಷವನ್ನು ಮುಟ್ಟಬೇಡ, ಅದು ಟೈರಿನದು, ಬ್ಯಾಲೆನ್ಸ್ ಬಾಡಿಗೆ ತಡವಾದ ತಿಂಗಳಿನದು. ಲೋಡು ಇಬ್ಬರು ಮೂವರಿಂದ ಖಾಯಂ ಇದ್ದು, ದೂರದ ಲೈನಿಗೆ ಓಡುವುದಾದರೆ ಸಾಲ ಮಾಡು. ಆದರೆ ಹದಿನೈದೇ ದಿನ ಓಡಿದ ತಿಂಗಳಲ್ಲೂ ಕಟ್ಟಬಹುದಾದಷ್ಟು ಕಂತಿನದು ಮಾಡು, ನಾಲ್ಕೈದು ಕಂತಿನ ದುಡ್ಡನ್ನು ಬ್ಯಾಂಕಿನಲ್ಲಿ ಬೇರೆ ಇಟ್ಟಿರು. ನಡುವೆ ದುಡ್ಡು ಬಂದರೆ ಒಮ್ಮೆಗೇ ತೀರಿಸಿಬಿಡುತ್ತೇನೆ ಎಂಬ ಯೋಚನೆ ಇದ್ದರೆ ಸಹಿ ಹಾಕುವ ಮೊದಲೇ ಕೇಳು. 2026ರ ಜನವರಿಯಿಂದ ಮಂಜೂರಾಗುವ ಸಾಲಗಳಿಗೆ ಮುಂಗಡ ತೀರುವಳಿ ಶುಲ್ಕ ಬೇಡ ಎಂದು ರಿಸರ್ವ್ ಬ್ಯಾಂಕ್ ಹೇಳಿರುವುದು ಬದಲಾಗುವ ಬಡ್ಡಿ ದರದ ಸಾಲಗಳಿಗೆ. ಲಾರಿ ಸಾಲಗಳು ಹೆಚ್ಚಾಗಿ ಸ್ಥಿರ ದರದವು, ಅಲ್ಲಿ ಶುಲ್ಕ ಬೀಳಬಹುದು.

ಮೂವತ್ತಾರನೆಯ ಕಂತು ಕಟ್ಟಿದ ದಿನ ಕಂಪನಿಯವರು ಎನ್‌ಒಸಿಯನ್ನೂ 35ನೇ ಫಾರಂಗಳನ್ನೂ ಕೊಡುತ್ತಾರೆ. ಅದನ್ನು ಆರ್‌ಟಿಒಗೆ ಒಯ್ದು ಆರ್‌ಸಿಯಲ್ಲಿನ ಅಡಮಾನ ತೆಗೆಸಬೇಕು. ಬಹಳ ಮಂದಿ ಮಾಡುವುದು ಬೇರೆ. ಪೇಂಟರನನ್ನು ಕರೆಸಿ ಕ್ಯಾಬಿನ್ನಿನ ಪಕ್ಕದ ಬರಹಕ್ಕೆ ಬಣ್ಣ ಹೊಡೆಸಿ, ಆ ಜಾಗದಲ್ಲಿ ಮಗಳ ಹೆಸರು ಬರೆಸಿ, ಎನ್‌ಒಸಿಯನ್ನು ಮಡಚಿ ಮನೆಯ ದೇವರ ಪಟದ ಹಿಂದೆ ಇಡುತ್ತಾರೆ. ನಾಲ್ಕು ವರ್ಷದ ನಂತರ ಲಾರಿ ನೋಡಲು ಬಂದವನು ಫೋನಿನಲ್ಲಿ ನಂಬರ್ ಹಾಕಿ, ‘ಏನಣ್ಣ, ಇದರ ಮೇಲೆ ಇನ್ನೂ ಎಚ್‌ಪಿ ಇದೆಯಲ್ಲ’ ಎಂದಾಗ, ಮನೆಯವರೆಲ್ಲ ಸೇರಿ ಆ ಪಟ ಇಳಿಸುತ್ತಾರೆ.